ಪೆಟ್ಟಿಗೆಯೊಳಗೆ ಬರೀ ಅಂಕಿ

ನಮ್ಮ ತಂಡದ ಕೋಡ್‌ನಲ್ಲಿ ಗ್ರಾಹಕರಿಗೆ ಹಣ ವಾಪಸ್ ಮಾಡುವ ಒಂದು ಫಂಕ್ಷನ್ ಇದೆ. ಅದರ ನೆತ್ತಿಯ ಮೇಲೆ, ಕಾಮೆಂಟ್‌ನಲ್ಲಿ, ಅಂದರೆ ಓದುವವರಿಗೆಂದೇ ಬರೆಯುವ ಟಿಪ್ಪಣಿಯಲ್ಲಿ, ನಾನು ಬಿಡಿಸಿದ ಚಿತ್ರ ಒಂದು ಹಂತದಲ್ಲಿ ಹೀಗಿತ್ತು:

```
+-----+      +-----+      +-----+
|  1  |----->|  2  |----->|  3  |
+-----+      +--+--+      +-----+
                |         +-----+
                +-------->|  4  |
                          +-----+

1 ಕೋರಿಕೆ ಬಂತು. ಮುಂದೆ 2
2 ಬ್ಯಾಂಕಿಗೆ ಹೋಗಿದೆ, ಕಾಯುತ್ತಿದೆ. ಮುಂದೆ 3 ಅಥವಾ 4
3 ಹಣ ವಾಪಸ್ ಹೋಯಿತು. ಮುಗಿಯಿತು
4 ಉತ್ತರ ಬರಲಿಲ್ಲ
```

ಇದಕ್ಕೂ ಮುಂಚೆ ಇದೇ ವಿಷಯಕ್ಕೆ ಬಣ್ಣಬಣ್ಣದ ಚಿತ್ರವೊಂದಿತ್ತು. ಬಿಡಿಸಿದವರು ಕೆಲಸ ಬಿಟ್ಟು ಹೋದರು, ಮೂಲ ಫೈಲ್ ಅವರ ಖಾತೆಯ ಜೊತೆಗೇ ಹೋಯಿತು. ಉಳಿದದ್ದು ತಿದ್ದಲಾಗದ ಒಂದು ಇಮೇಜ್. ಎರಡು ವರ್ಷದಲ್ಲಿ ಕೋಡ್ ಎಲ್ಲಿಗೋ ಹೋಗಿತ್ತು, ಚಿತ್ರ ಅಲ್ಲೇ ನಿಂತಿತ್ತು. ಒಂದು ರಾತ್ರಿ ಅದನ್ನು ನಂಬಿ ಮೂರು ಗಂಟೆ ತಪ್ಪು ಜಾಗದಲ್ಲಿ ಹುಡುಕಿದೆ. ಅವತ್ತಿನಿಂದ ನಾನು ಚಿತ್ರವನ್ನು ಕೋಡ್‌ನ ಪಕ್ಕದಲ್ಲೇ ಅಕ್ಷರಗಳಲ್ಲಿ ಬಿಡಿಸುತ್ತೇನೆ. ಯಾರಾದರೂ ಒಂದು ಬಾಣ ಬದಲಿಸಿದರೆ ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಆ ಸಾಲನ್ನೇ ಎತ್ತಿ ತೋರಿಸುತ್ತದೆ. ಇಮೇಜ್ ಆದರೆ ‘ಫೈಲ್ ಬದಲಾಗಿದೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಈ ವಿದ್ಯೆ ನಾನು ಕಲಿತದ್ದು ಇಂಟರ್ನೆಟ್ ಹೇಗೆ ಕೆಲಸ ಮಾಡಬೇಕೆಂದು ವಿವರಿಸುವ ಆರ್‌ಎಫ್‌ಸಿ ದಾಖಲೆಗಳಿಂದ. 1981ರ ಸೆಪ್ಟೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 791 ತೆರೆದು ಐಪಿ ಹೆಡರ್‌ನ, ಅಂದರೆ ಇಂಟರ್ನೆಟ್‌ನಲ್ಲಿ ಸಾಗುವ ಮಾಹಿತಿಯ ಪ್ರತಿ ಪೊಟ್ಟಣದ ಮೇಲಿನ ವಿಳಾಸಚೀಟಿಯ, ಚಿತ್ರ ನೋಡಿ. ಒಂದು ಸಾಲಿಗೆ 32 ಬಿಟ್ (ಬಿಟ್ ಅಂದರೆ ಒಂದು 0 ಅಥವಾ 1), ಒಂದೊಂದು ಬಿಟ್‌ಗೂ ಎರಡು ಅಕ್ಷರದ ಜಾಗ, ಕೊನೆಗೊಂದು ಕೂಡು ಚಿಹ್ನೆ. ಒಟ್ಟು 65. ಆ ದಾಖಲೆಗಳಲ್ಲಿ ಸಾಲಿಗೆ 72 ಅಕ್ಷರ ಮೀರಬಾರದೆಂಬ ಕಟ್ಟಳೆಯೊಳಗೆ ಚಿತ್ರ ಅಚ್ಚುಕಟ್ಟಾಗಿ ಕೂತಿದೆ. ಯಾವ ಭಾಗ ಎಷ್ಟು ಬಿಟ್ ಎಂದು ಬೆರಳಿಟ್ಟು ಎಣಿಸಬಹುದು, ಅಂದರೆ ಚಿತ್ರವೇ ಅಳತೆಪಟ್ಟಿ. ಅದೇ ತಿಂಗಳ ಆರ್‌ಎಫ್‌ಸಿ 793ರಲ್ಲಿ ಎರಡು ಕಂಪ್ಯೂಟರ್‌ಗಳ ನಡುವೆ ಮಾಹಿತಿ ತಪ್ಪದೆ ತಲುಪಿಸುವ ಟಿಸಿಪಿ ಸಂಪರ್ಕದ 11 ಸ್ಥಿತಿಗಳ ಚಿತ್ರವಿದೆ. ಅದನ್ನು ಬದಲಿಸಿ 2022ರಲ್ಲಿ ಬಂದ ಆರ್‌ಎಫ್‌ಸಿ 9293ರಲ್ಲೂ ಆ ಚಿತ್ರ ಅಕ್ಷರಗಳಲ್ಲೇ ಇದೆ. ನನಗೆ ಇದು ನಿಜಕ್ಕೂ ಚೆಂದದ ಕೆಲಸ.

ಬಿಡಿಸುವುದು ಕಷ್ಟವಿಲ್ಲ. ಕೋಡ್ ಬರೆಯುವ ವಿಮ್ ಎಡಿಟರ್‌ನಲ್ಲಿ ‘ವರ್ಚುವಲ್‌ಎಡಿಟ್’ ಹಾಕಿಕೊಂಡರೆ ಕರ್ಸರ್ ಖಾಲಿ ಜಾಗದಲ್ಲೂ ಓಡಾಡುತ್ತದೆ. ಈಮ್ಯಾಕ್ಸ್ ಎಂಬ ಇನ್ನೊಂದು ಎಡಿಟರ್‌ನವರಿಗೆ ‘ಆರ್ಟಿಸ್ಟ್ ಮೋಡ್’ ಇದೆ, ಮೌಸ್ ಎಳೆದರೆ ಪೆಟ್ಟಿಗೆ ಬೀಳುತ್ತದೆ. ಟ್ಯಾಬ್ ಮಾತ್ರ ಬೇಡ. ನಿಮ್ಮಲ್ಲಿ ನಾಲ್ಕು ಅಕ್ಷರದಷ್ಟಿರುವ ಟ್ಯಾಬ್ ಇನ್ನೊಬ್ಬರಲ್ಲಿ ಎಂಟಾಗಿ ಗೋಡೆಗಳೆಲ್ಲ ಓರೆಯಾಗುತ್ತವೆ.

ನನ್ನನ್ನು ನಿಜವಾಗಿ ಕಾಡಿದ್ದು ಕನ್ನಡ. ಚಿತ್ರ ನಿಲ್ಲುವುದೇ ಪ್ರತಿ ಅಕ್ಷರಕ್ಕೂ ಒಂದೇ ಅಗಲ ಎನ್ನುವ ಮಾನೋಸ್ಪೇಸ್ ಫಾಂಟ್‌ನ ಮೇಲೆ. ಎರಡನೇ ಪೆಟ್ಟಿಗೆಯಲ್ಲಿ ನಾನು ಮೊದಲು ‘ನಿರೀಕ್ಷೆ’ ಎಂದು ಬರೆದಿದ್ದೆ. ನನ್ನ ಸ್ಕ್ರೀನಿನಲ್ಲಿ ಸರಿಯಿತ್ತು, ಪಕ್ಕದವರ ಸ್ಕ್ರೀನಿನಲ್ಲಿ ಬಲಗಡೆಯ ಗೋಡೆ ಆಚೆ ಜರುಗಿತ್ತು. ‘ಕ್ಷ’ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಮೂರು: ಕ, ಅರ್ಧಾಕ್ಷರದ ಗುರುತು, ಷ. ಇವಕ್ಕೆ ಎಷ್ಟು ಅಂಕಣ ಕೊಡಬೇಕೆಂದು ಅಕ್ಷರಗಳನ್ನಷ್ಟೇ ತೋರಿಸುವ ಟರ್ಮಿನಲ್ ಕಿಟಕಿಗಳು ಒಂದೊಂದೂ ಒಂದೊಂದು ಲೆಕ್ಕ ಹಾಕುತ್ತವೆ. ಸ್ಪೇಸ್ ಸೇರಿಸಿ, ತೆಗೆದು ಒಂದು ಇಡೀ ಸಂಜೆ ಕಳೆದೆ. ಎಲ್ಲರ ಕಡೆಯೂ ಸರಿಯಾಗಿ ಕಾಣುವಂತೆ ಮಾಡಲು ಆಗಲೇ ಇಲ್ಲ. ಹಾಗಂತ ಇಂಗ್ಲಿಷಿನಲ್ಲಿ ಬರೆಯಲು ಮನಸ್ಸು ಒಪ್ಪಲಿಲ್ಲ. ನಾವು ಆ ಕೋಡ್ ಬಗ್ಗೆ ಮಾತಾಡುವುದೇ ಕನ್ನಡದಲ್ಲಿ. ಕೊನೆಗೆ ಪೆಟ್ಟಿಗೆಗೆ ಅಂಕಿ, ಅಂಕಿಗೆ ಕೆಳಗೆ ವಿವರ ಎಂದು ಮಾಡಿದೆ. ಕೆಳಗಿನ ಸಾಲು ಎಷ್ಟು ಉದ್ದವಾದರೂ ಯಾವ ಗೋಡೆಗೂ ತಾಗುವುದಿಲ್ಲ.

ಆ ಸಾಲುಗಳಲ್ಲಿ ‘ಮುಂದೆ’ ಎಂಬ ಮಾತು ಸೇರಿದ್ದು ಆಮೇಲೆ. ನಮ್ಮ ತಂಡಕ್ಕೆ ಕಣ್ಣು ಕಾಣದ ಸಹೋದ್ಯೋಗಿಯೊಬ್ಬರು ಬಂದರು. ಅವರ ಸ್ಕ್ರೀನ್ ರೀಡರ್ ನನ್ನ ಚಿತ್ರವನ್ನು ‘ಪ್ಲಸ್, ಡ್ಯಾಶ್, ಡ್ಯಾಶ್’ ಎಂದು ಓದುತ್ತಾ ಹೋಗುವುದನ್ನು ಪಕ್ಕದಲ್ಲಿ ಕೂತು ಕೇಳಿದೆ. ಅಷ್ಟು ಕಾಲ ನನಗೆ ಅದು ಹೊಳೆದೇ ಇರಲಿಲ್ಲ, ಕೇಳಿ ಬೇಸರವಾಯಿತು. ಅವತ್ತೇ ಪ್ರತಿ ಬಾಣವನ್ನೂ ಮಾತಿನಲ್ಲಿ ಬರೆದು, ಚಿತ್ರ ದಾಟಿ ಕೇಳಿ ನೋಡಿ ಎಂದೆ.

ಅವರು ನಾಲ್ಕೂ ಸಾಲು ಕೇಳಿಸಿಕೊಂಡು, “ನಾಲ್ಕರಿಂದ ಮುಂದೆ ಎಲ್ಲಿಗೆ?” ಎಂದು ಕೇಳಿದರು.

ಕೋಡ್ ತೆರೆದು ನೋಡಿದೆವು. ಉತ್ತರ ಬರದಿದ್ದರೆ ಅದು ಮತ್ತೆ ಎರಡಕ್ಕೆ ಹೋಗುತ್ತಿತ್ತು, ಎಷ್ಟು ಸಲ ಎಂಬ ಮಿತಿಯೇ ಇಲ್ಲದೆ. ಮಿತಿಯನ್ನು ಅವರು ಕೋಡ್‌ಗೆ ಹಾಕಿದರು, ವಾಪಸ್ ಬಾಣವನ್ನು ನಾನು ಚಿತ್ರಕ್ಕೆ ಹಾಕಿದೆ. ಎರಡೂ ಗಿಟ್‌ಗೆ ಒಂದೇ ಕಮಿಟ್‌ನಲ್ಲಿ, ಒಂದೇ ಬದಲಾವಣೆಯಾಗಿ ದಾಖಲಾಗಿ, ಹೋದವು.