ಬಿಯರ್ ಊರುಗಳಿಗೆ ಜನವರಿಯಲ್ಲಿ

ಬಿಯರ್ ಊರುಗಳನ್ನ ನೋಡೋಕೆ ಜನವರಿಯಲ್ಲಿ ಯಾರಾದ್ರೂ ಹೋಗ್ತಾರಾ ಅಂತ ಅಕ್ಕ ಕೇಳಿದಳು. ಅವಳೂ ಭಾವನೂ ದಾವಣಗೆರೆಯಿಂದ ಜರ್ಮನಿಯ ನ್ಯೂರೆಂಬರ್ಗ್‌ನ ನಮ್ಮ ಮನೆಗೆ ಬಂದಿದ್ದರು. ನನ್ನನ್ನು ಕೇಳಿದರೆ ಜನವರಿಯೇ ಸರಿ. ನಾವಿರುವ ಬವೇರಿಯಾ ಸೀಮೆಯಲ್ಲಿ 1553ರ ಆಜ್ಞೆಯ ಪ್ರಕಾರ ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬಿಯರ್ ಮಾಡಬಹುದಿತ್ತು. ಸೆಕೆಯಲ್ಲಿ ಮಾಡಿದ್ದು ಕೆಟ್ಟು ಹೋಗುತ್ತಿತ್ತು. ಚಳಿಯಲ್ಲಿ ನಿಧಾನಕ್ಕೆ ಹುದುಗುವ ಲಾಗರ್ ಬಿಯರ್ ಬೆಳೆದದ್ದು ಈ ಹವೆಯಲ್ಲೇ.

ಮೊದಲು ಬಾಂಬೆರ್ಗ್. ರೆಗ್ನಿಟ್ಸ್ ನದಿಯ ನಡುವೆ ನಿಂತ ಹಳೇ ಪುರಭವನ ನೋಡಿ, ಗುಡ್ಡ ಹತ್ತಿ ಕೆಥೆಡ್ರಲ್‌ಗೆ ಹೋದೆವು. ಅಲ್ಲಿ ಪೋಪ್ ಎರಡನೇ ಕ್ಲೆಮೆಂಟ್ ಸಮಾಧಿ ಇದೆ. ಭಾವನಿಗೆ ಪೋಪ್ ಬೇಕಿರಲಿಲ್ಲ. "ಎಲ್ಲಾದ್ರೂ ಬೆಚ್ಚಗಿರೋ ಕಡೆ ನಡಿಯಪ್ಪ" ಅಂದರು.

ಹೊಗೆ ಬಿಯರ್‌ಗೆ ಹೆಸರಾದ ಶ್ಲೆಂಕೆರ್ಲಾ ಪಬ್ ಒಳಗೆ ಕಾಲಿಟ್ಟರೆ ಕಿಕ್ಕಿರಿದ ಜನ, ಮರದ ಬೆಂಚು. ಇಲ್ಲಿ ಬಾರ್ಲಿ ಮೊಳಕೆಯನ್ನು ಬೀಚ್ ಮರದ ಬೆಂಕಿಯ ಹೊಗೆಯಲ್ಲಿ ಒಣಗಿಸುತ್ತಾರೆ. ಆ ಹೊಗೆ ಪೂರ್ತಿ ಲೋಟಕ್ಕೆ ಬಂದಿರುತ್ತೆ. ಕಡು ಕಂದು ಬಿಯರ್ ಒಂದು ಗುಟುಕು ಕುಡಿದ ಭಾವ ಮುಖ ಕಿವುಚಿದರು. "ಒಲೆ ಊದಿದ ಹಾಗಾಯ್ತಲ್ಲೋ!" ಎರಡನೇ ಲೋಟದ ಹೊತ್ತಿಗೆ, ಇದಕ್ಕೆ ಮಂಡಕ್ಕಿ ಮಿರ್ಚಿ ಇದ್ದಿದ್ರೆ ಅಂತ ಶುರು ಮಾಡಿದರು. ದಾವಣಗೆರೆಯವರು, ಇನ್ನೇನು ಕೇಳ್ತಾರೆ?

ಮರುದಿನ ಗಡಿ ದಾಟಿ ಜೆಕ್ ದೇಶದ ಪಿಲ್ಸೆನ್‌ಗೆ. ದಾರಿಯುದ್ದಕ್ಕೂ ಹಿಮ ಕರಗಿಸಲು ರಸ್ತೆಗೆ ಹಾಕಿದ ಉಪ್ಪಿನ ನೀರನ್ನು ಮುಂದಿನ ಲಾರಿಗಳು ಎರಚಿ ಗಾಜೆಲ್ಲ ಬಿಳಿ ಬಿಳಿ. ಗಾಜು ತೊಳೆಯೋಕೆ ಹೆಪ್ಪುಗಟ್ಟದ ನೀಲಿ ದ್ರಾವಣ ವೈಪರ್ ಟ್ಯಾಂಕಿನಲ್ಲಿ ಇಲ್ಲದಿದ್ದರೆ ಈ ರಸ್ತೆಗಳಲ್ಲಿ ಹತ್ತು ನಿಮಿಷವೂ ಓಡಿಸೋಕಾಗಲ್ಲ. ಇನ್ನು ಜೆಕ್ ಕಾನೂನಲ್ಲಿ ಡ್ರೈವರ್‌ಗೆ ಮದ್ಯ ಅಂದರೆ ಸೊನ್ನೆ. ಒಂದು ಗುಟುಕೂ ಇಲ್ಲ. ಗಾಡಿ ಓಡಿಸೋನು ನಾನು.

ಪಿಲ್ಸೆನ್ ಚೌಕದ ಕೆಥೆಡ್ರಲ್ ಗೋಪುರ ನೂರು ಮೀಟರ್‌ಗೂ ಎತ್ತರ, ದೇಶದಲ್ಲೇ ಅತಿ ಎತ್ತರದ ಚರ್ಚ್ ಗೋಪುರ. ಅವತ್ತು ಅರ್ಧಕ್ಕೇ ಮಂಜಿನಲ್ಲಿ ಮುಗಿದಿತ್ತು. ಹಿಂಭಾಗದ ಕಬ್ಬಿಣದ ಜಾಲರಿಯಲ್ಲಿ ಸಾಲಾಗಿ ಪುಟ್ಟ ದೇವದೂತರ ತಲೆಗಳಿವೆ. ಅದರಲ್ಲಿ ಒಂದನ್ನು ಮುಟ್ಟಿದರೆ ಅದೃಷ್ಟ ಅಂತ ನಂಬಿಕೆ. ಯಾವುದು ಅಂತ ಕೇಳಬೇಕಿಲ್ಲ, ಜನರ ಕೈ ತಾಗಿ ತಾಗಿ ಅದೊಂದೇ ಮಿರಮಿರ ಮಿಂಚುತ್ತೆ. ಅಕ್ಕ ಗ್ಲೌಸ್ ಬಿಚ್ಚಿ, ಮುಟ್ಟಿ, ಕಣ್ಣಿಗೂ ಒತ್ತಿಕೊಂಡಳು. ಮಗಳ ಸಿಇಟಿ ಹತ್ತಿರದಲ್ಲಿತ್ತು.

ಈ ಊರಿನ ಹೆಸರಾಂತ ಬಿಯರ್ ಪಿಲ್ಸ್ನರ್ ಉರ್ಕ್ವೆಲ್ ಹುಟ್ಟಿದ್ದು ಕೆಟ್ಟ ಬಿಯರ್ ಮೇಲಿನ ಸಿಟ್ಟಿನಿಂದ. 1838ರಲ್ಲಿ ಹಾಳಾದ ಬಿಯರಿನ 36 ಪೀಪಾಯಿಗಳನ್ನು ಪುರಭವನದ ಮುಂದೆಯೇ ಚೆಲ್ಲಿದರು. ಆಮೇಲೆ ಊರವರೇ ಸೇರಿ ಬ್ರೂವರಿ ಕಟ್ಟಿ, ಬಿಯರ್ ಮಾಡೋಕೆ ಬವೇರಿಯಾದ ಯೋಸೆಫ್ ಗ್ರೋಲ್‌ನನ್ನು ಕರೆಸಿದರು. ಅಲ್ಲಿಯ ಮೆದು ನೀರು, ಬಿಯರ್‌ಗೆ ಕಹಿ ಕೊಡುವ ಝಾಟೆಟ್ಸ್ ಸೀಮೆಯ ಹಾಪ್ಸ್ ಹೂ, ತಿಳಿ ಬಣ್ಣದ ಬಾರ್ಲಿ ಮೊಳಕೆ ಸೇರಿ 1842ರಲ್ಲಿ ಹೊನ್ನಿನ ಬಣ್ಣದ ಬಿಯರ್ ಬಂತು. ಇವತ್ತು ಬೆಂಗಳೂರಿನ ಬಾರಲ್ಲಿ ಸಿಗುವ ತಿಳಿ ಹಳದಿ ಲಾಗರ್‌ಗೂ ಇದೇ ಮೂಲ.

ಆ ಬ್ರೂವರಿಯ ನೆಲಮಾಳಿಗೆಗೆ ಇಳಿದಾಗ ನಮಗೆ ಸಿಕ್ಕಿದ್ದು ಬೆಚ್ಚನೆ! ಬೇಸಿಗೆಯಲ್ಲಿ ಬಂದವರು ಇಲ್ಲಿ ಗಡಗಡ ನಡುಗುತ್ತಾರಂತೆ. ಹೊರಗಿನ ಮೈನಸ್ ಏಳರಿಂದ ಬಂದ ಅಕ್ಕ ಮಫ್ಲರ್ ಸಡಿಲಿಸಿದಳು. ಮೊದಲೆಲ್ಲ ಚಳಿಗಾಲದ ಮಂಜುಗಡ್ಡೆಯನ್ನು ಕೆಳಗೆ ತುಂಬಿಸಿಟ್ಟು ವರ್ಷವಿಡೀ ತಂಪು ಕಾಯುತ್ತಿದ್ದರು. ಗೋಡೆಯಲ್ಲಿ ನೀರು ಜಿನುಗುತ್ತಿತ್ತು. ದೊಡ್ಡ ಓಕ್ ಪೀಪಾಯಿಯ ನಲ್ಲಿ ತಿರುಗಿಸಿ, ಸೋಸದ ಬಿಯರ್ ನೇರ ಲೋಟಕ್ಕೆ ಬಿಟ್ಟು ಕೊಟ್ಟರು. ನಾನು ಮೂಸಿ ನೋಡಿ ಭಾವನಿಗೆ ದಾಟಿಸಿದೆ. ಹಸಿ ಬ್ರೆಡ್ ಹಿಟ್ಟಿನ ವಾಸನೆ, ಹಿಂದೆಯೇ ಹಾಪ್ಸ್‌ನ ಕಹಿ ಘಾಟು. ಊಟಕ್ಕೆ ಕೂತಾಗ ನನಗೆ ಕೊಫೋಲಾ ಬಂತು, ಜೆಕ್ಕರ ಕೋಲಾ. ಕಷಾಯಕ್ಕೆ ಸೋಡಾ ಬೆರೆಸಿದಂಥ ರುಚಿ, ಕೆಟ್ಟದೇನಲ್ಲ.

ರಾತ್ರಿ ಮನೆ ಮುಟ್ಟಿದಾಗ ಎಲ್ಲರಿಗೂ ನಿದ್ದೆ. ಆದರೆ ಡಿಕ್ಕಿಯಲ್ಲಿದ್ದ ಬಾಟಲಿಗಳನ್ನು ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟಿ ಒಡೆಯುತ್ತವೆ. ಲಿಫ್ಟ್ ಇಲ್ಲದ ಮೂರು ಮಹಡಿ. ಭಾವನೇ ಕ್ರೇಟ್ ಹೊತ್ತರು. "ನೀನು ಎರಡು ದಿನ ಸುಮ್ನೆ ನೋಡಿದ್ದೀಯಲ್ಲ, ತಗೋ" ಅಂತ ಅಡುಗೆಮನೆಯಲ್ಲೇ ಮೊದಲ ಬಾಟಲಿ ಬಿಚ್ಚಿಕೊಟ್ಟರು. ಅಕ್ಕ ಈರುಳ್ಳಿ ಹೆಚ್ಚಿ ಖಾರ ಮಂಡಕ್ಕಿ ಕಲಸಿದಳು.