ರೈಲಿನ ಮೇಲೆ ಲಾರಿ

ಇಂದು ನಮ್ಮ ಅಂಗನವಾಡಿಯಲ್ಲಿ ಮಕ್ಕಳು ಖಾಲಿ ಬೆಂಕಿಪೊಟ್ಟಣಗಳನ್ನು ದಾರದಲ್ಲಿ ಪೋಣಿಸಿ ರೈಲು ಮಾಡಿದರು.

ನಾಲ್ಕು ವರ್ಷದ ಹುಡುಗನೊಬ್ಬ ಮಾತ್ರ ಪೊಟ್ಟಣಗಳ ಮೇಲೆಲ್ಲ ಅಂಟು ಹಚ್ಚಿ, ಗೆಳೆಯರು ಮಾಡಿಟ್ಟಿದ್ದ ಕಾಗದದ ಲಾರಿಗಳನ್ನು ಒಂದೊಂದಾಗಿ ಅವುಗಳ ಮೇಲೆ ನಿಲ್ಲಿಸತೊಡಗಿದ. ಲಾರಿ ರಸ್ತೆಯಲ್ಲಿ, ರೈಲು ಹಳಿಯಲ್ಲಿ ಎಂದು ಆಗಷ್ಟೇ ಹೇಳಿಕೊಟ್ಟಿದ್ದ ನಾನು ತಿದ್ದಲು ಬಾಗಿದೆ.

“ಇಲ್ಲ ಟೀಚರ್, ಇಂದ್ರಾಳಿ ರೈಲ್ವೆ ಸ್ಟೇಷನ್‌ನಲ್ಲಿ ಅಜ್ಜ ತೋರಿಸಿದ್ದಾರೆ, ಲಾರಿ ರೈಲಿನಲ್ಲಿ ಕೂತು ಹೋಗ್ತದೆ” ಎಂದ.

ಅವನ ಮಾತು ಅಕ್ಷರಶಃ ನಿಜ. ಕೊಂಕಣ ರೈಲ್ವೆಯು 1999ರಲ್ಲಿ ಆರಂಭಿಸಿದ ರೋ-ರೋ ಸೇವೆಯಲ್ಲಿ, ಸರಕು ತುಂಬಿದ ಲಾರಿಗಳು ಸುರತ್ಕಲ್‌ನಲ್ಲಿ ತೆರೆದ ವ್ಯಾಗನ್‌ಗಳನ್ನೇರಿ, ನಮ್ಮ ಉಡುಪಿಯನ್ನು ಹಾದು, ಮಹಾರಾಷ್ಟ್ರದ ಕೋಲಾಡ್‌ವರೆಗೆ ಸಾಗುತ್ತವೆ. ಅಷ್ಟು ದೂರದ ಡೀಸೆಲ್ ಉಳಿಯುತ್ತದೆ, ಹೆದ್ದಾರಿಯ ದಟ್ಟಣೆಯೂ ತಗ್ಗುತ್ತದೆ. ಇದನ್ನು ತಿಳಿದಿದ್ದೂ ಪಾಠ ಹೇಳುವಾಗ ನನಗೆ ನೆನಪಾಗಲಿಲ್ಲ ಎಂಬುದು ಮನಸ್ಸಿಗೆ ನಾಟಿತು. ನೆಲ, ಜಲ, ವಾಯು ಎಂದು ವಾಹನಗಳನ್ನು ವಿಂಗಡಿಸುವ ಮೊದಲು, ಮಕ್ಕಳು ಮನೆಯಿಂದ ಇಲ್ಲಿಗೆ ಬರುವ ದಾರಿಯಲ್ಲಿ ಏನೇನು ಕಂಡಿದ್ದಾರೆ ಎಂದು ನಾನು ಕೇಳಬೇಕಿತ್ತು. ಗೋಡೆಯ ಚಿತ್ರಪಟದಲ್ಲಿ ದೊಡ್ಡ ಹಡಗಿದೆ. ಮಲ್ಪೆಯ ಮೀನುಗಾರಿಕಾ ದೋಣಿ ಇಲ್ಲ. ನಾಳೆ ಅದನ್ನು ಅಡಿಕೆ ಹಾಳೆಯಲ್ಲಿ ಮಾಡಿಸಬೇಕೆಂದಿದ್ದೇನೆ.

ಹುಡುಗ ಕೊನೆಗೆ ಪ್ರತಿಯೊಂದು ಲಾರಿಯೊಳಗೂ ಒಂದೊಂದು ಹುಣಸೆಬೀಜವನ್ನು ಅಡ್ಡಲಾಗಿ ಇಟ್ಟ. ಯಾಕೆಂದು ಕೇಳಿದೆ.

“ಡ್ರೈವರ್ ಮಲಗಿದ್ದಾರೆ ಟೀಚರ್, ಈಗ ರೈಲೇ ಓಡಿಸ್ತದಲ್ಲ.”