ಮೈಸೂರು ಇದ್ದ ಕಡೆ ಮೊಸರಿಗೆ ಜಾಗ ಇರಲಿಲ್ಲ

"ಮೊಸರನ್ನ ಸೇರಿಸಕ್ಕೆ ಬಿಡ್ತಾ ಇಲ್ಲಪ್ಪ. ಈಗಾಗಲೇ ಇದೆ ಅಂತಿದೆ. ನಾನು ಮೊಸರು ಹಾಕೇ ಇಲ್ಲವಲ್ಲ!"

ಬುಧವಾರ ಸಂಜೆ ಟೀಚರ್ ಫೋನ್ ಮಾಡಿ ಹೇಳಿದ್ದು ಇಷ್ಟು. ಅವರು ನನ್ನ ಗೆಳೆಯನ ತಾಯಿ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಅಮ್ಮ, ಅಜ್ಜಿ, ಅಕ್ಕಪಕ್ಕದ ಮನೆಯವರು ಮಾಡುತ್ತಿದ್ದ ಅಡುಗೆಗಳನ್ನೆಲ್ಲ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದಾರೆ. ಅವು ಒಂದು ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗಬೇಕು ಅನ್ನೋದು ಅವರ ಆಸೆ. ನಾನು ಮತ್ತು ಆಫೀಸಿನ ಒಬ್ಬ ಹುಡುಗ ಸೇರಿ ಅದನ್ನ ಜ್ಯಾಂಗೋದಲ್ಲಿ ಕಟ್ಟುತ್ತಿದ್ದೇವೆ. ಅದು ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟಲು ಸಿದ್ಧ ಸಾಮಾನು ಕೊಡುವ ಒಂದು ಫ್ರೇಮ್‌ವರ್ಕ್. ಪ್ರತಿ ಅಡುಗೆಗೂ ಊರು, ಮುಖ್ಯ ಪದಾರ್ಥ, ಹಬ್ಬ ಹೀಗೆ ಟ್ಯಾಗ್‌ಗಳು. ಪ್ರತಿ ಟ್ಯಾಗ್‌ಗೂ ಒಂದು ಪುಟ. ಆ ಪುಟದ ವಿಳಾಸದಲ್ಲಿ ಬರುವ ಚಿಕ್ಕ ಹೆಸರಿಗೆ ಜ್ಯಾಂಗೋದಲ್ಲಿ ಸ್ಲಗ್ ಅನ್ನುತ್ತಾರೆ.

ನಾನು ಇನ್ನೂ ಲ್ಯಾಪ್‌ಟಾಪ್ ತೆಗೆಯುತ್ತಿದ್ದೆ. ಅಷ್ಟರಲ್ಲಿ ಟೀಚರ್ ಇನ್ನೊಂದು ಕೆಲಸ ಮಾಡಿದ್ದರು. ಸ್ಲಗ್ ಅಂತ ಇದ್ದ ಖಾನೆಯಲ್ಲಿ ತಾನಾಗಿ ಬಂದಿದ್ದನ್ನ ಅಳಿಸಿ, ಕೈಯಾರೆ "ಮೊಸರು" ಅಂತ ಟೈಪ್ ಮಾಡಿದರು. ಈಗ ಬೇರೆ ಕೆಂಪು ಸಾಲು ಬಂತು. ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಕಂಪ್ಯೂಟರ್‌ನಲ್ಲಿರುವ ಪಟ್ಟಿ) ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ ಇಷ್ಟರಿಂದಲೇ ಆದ ಸರಿಯಾದ ಸ್ಲಗ್ ಕೊಡಿ ಅಂತ. ಟೀಚರ್ ಅದನ್ನ ನಿಧಾನಕ್ಕೆ ಓದಿ ಕೇಳಿದರು:

"ಅಕ್ಷರ ಹಾಕಿ ಅಂತಿದೆ. ನಾನು ಹಾಕಿರೋದು ಅಕ್ಷರ ಅಲ್ವಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಕ್ಕೆ ಕೇಳಿದರು. ಬದುಕಿಡೀ ಮಕ್ಕಳಿಗೆ ಕಾಗುಣಿತ ತಿದ್ದಿಸಿದವರಿಗೆ ಒಂದು ಸಾಫ್ಟ್‌ವೇರ್ "ನೀವು ಬರೆದಿದ್ದು ಅಕ್ಷರ ಅಲ್ಲ" ಅಂದಿತ್ತು. ನೋಡಿ ಹೇಳ್ತೀನಿ ಅಂತ ಫೋನ್ ಇಟ್ಟೆ. ರಾತ್ರಿಯಿಡೀ ಆ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಡೇಟಾಬೇಸ್ ತೆಗೆದು ನೋಡಿದೆ. "ಮೈಸೂರು" ಅನ್ನೋ ಟ್ಯಾಗ್ ಹಿಂದಿನ ದಿನವೇ ಸೇರಿತ್ತು. ಅದರ ಸ್ಲಗ್: ಮಸರ. ಈಗ "ಮೊಸರು" ಹಾಕಿದರೆ ಅದರ ಸ್ಲಗ್ಗೂ ಮಸರ! ಮೈಸೂರಿನ ಐತ್ವ ಹೋಯಿತು, ಊತ್ವ ಹೋಯಿತು, ಕೊನೆಯ ಉತ್ವ ಹೋಯಿತು. ಮೊಸರಿನ ಒತ್ವ, ಉತ್ವ ಹೋದವು. ಎರಡರಲ್ಲೂ ಉಳಿದಿದ್ದು ಅದೇ ಮೂರು ಬೋಳು ಅಕ್ಷರ. ಒಂದು ಸ್ಲಗ್ ಒಂದೇ ಸಲ ಇರಬೇಕು ಅನ್ನೋ ನಿಯಮ ಇದ್ದಿದ್ದರಿಂದ ಮೈಸೂರು ಇದ್ದ ಕಡೆ ಮೊಸರಿಗೆ ಜಾಗ ಸಿಗಲಿಲ್ಲ.

ಆಮೇಲೆ ಉಳಿದ ಸ್ಲಗ್‌ಗಳ ಮೇಲೆ ಕಣ್ಣಾಡಿಸಿದೆ. ರಾಗಿ ಮುದ್ದೆ "ರಗ-ಮದದ" ಆಗಿತ್ತು. ಅಕ್ಕಿ ರೊಟ್ಟಿ "ಅಕಕ-ರಟಟ". ಉಪ್ಪಿಟ್ಟು "ಉಪಪಟಟ". ಬೆಳ್ಳುಳ್ಳಿಯಂತೂ "ಬಳಳಳಳ". ಇನ್ನೂ ಸೇರಿಸದ ಟ್ಯಾಗ್‌ಗಳನ್ನ ಲೆಕ್ಕ ಹಾಕಿದರೆ ಬೇಳೆಗೂ ಬಾಳೆಗೂ ಒಂದೇ ಸ್ಲಗ್. ಕುರಿಗೂ ಮಂಗಳೂರಿನ ಕೋರಿಗೂ (ಅಂದರೆ ಕೋಳಿಗೂ) ಒಂದೇ. ನೋಡ್ತಾ ನೋಡ್ತಾ ಹೊಟ್ಟೆ ಉರಿಯಿತು.

ಇದು ಸೆಟ್ಟಿಂಗ್ ಮರೆತಿದ್ದರಿಂದ ಆಗಿದ್ದಲ್ಲ. ಹೆಸರಿನಿಂದ ಸ್ಲಗ್ ಮಾಡಿಕೊಡುವ ಜ್ಯಾಂಗೋದ ಸ್ಲಗಿಫೈ ಫಂಕ್ಷನ್ ಮೊದಲಿನಿಂದ ಇಂಗ್ಲಿಷ್ ಅಕ್ಷರಗಳನ್ನ ಮಾತ್ರ ಉಳಿಸುತ್ತಿತ್ತು. ಕನ್ನಡದ ಹೆಸರು ಕೊಟ್ಟರೆ ಖಾಲಿ ವಾಪಸ್ ಬರುತ್ತಿತ್ತು. 2015ರ ಡಿಸೆಂಬರ್‌ನಲ್ಲಿ ಬಂದ 1.9ನೇ ಆವೃತ್ತಿಯಲ್ಲಿ ಬೇರೆ ಲಿಪಿಗಳಿಗಾಗಿಯೇ "ಅಲೋ ಯೂನಿಕೋಡ್" ಅನ್ನೋ ಆಯ್ಕೆ ಸೇರಿಸಿದರು. ನಾವು ಅದನ್ನ ಹಾಕಿದ್ದೆವು. ಹಾಕಿದ ಮೇಲೂ ಹೀಗೆ.

ನನಗೆ ಜ್ಯಾಂಗೋ ಅಂದರೆ ಪ್ರೀತಿ. ಅದು ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಅನ್ನೋ ಊರಿನ ಒಂದು ದಿನಪತ್ರಿಕೆಯ ಕಚೇರಿಯಲ್ಲಿ. 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಸುದ್ದಿಮನೆಯ ಗಡುವುಗಳ ಮಧ್ಯೆ ಅದನ್ನ ಬರೆಯಲು ಶುರು ಮಾಡಿದರು. 2005ರ ಜುಲೈನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಸ್ಲಗ್ ಅನ್ನೋ ಮಾತು ಕೂಡ ಪತ್ರಿಕಾ ಕಚೇರಿಯಿಂದಲೇ ಬಂದಿದ್ದು. ಬೇರೆ ಎಷ್ಟೋ ಫ್ರೇಮ್‌ವರ್ಕ್‌ಗಳಲ್ಲಿ ಒಳಗೆ ಏನು ನಡೀತಿದೆ ಅಂತ ನೋಡಕ್ಕೆ ಹೋದರೆ ದಾರಿ ತಪ್ಪುತ್ತದೆ. ಜ್ಯಾಂಗೋದ ಸೋರ್ಸ್ ಕೋಡ್ ಕುಳಿತು ಓದಬಹುದು. ಸ್ಲಗಿಫೈ ಫಂಕ್ಷನ್ ಒಂದು ಸ್ಕ್ರೀನಿನಲ್ಲಿ ಮುಗಿದುಹೋಗುತ್ತದೆ. ಅದರಲ್ಲಿ ಒಂದು ಸಾಲು, ಪದಕ್ಕೆ ಸೇರದ ಗುರುತುಗಳನ್ನೆಲ್ಲ ತೆಗೆದುಹಾಕು ಅನ್ನುತ್ತದೆ. ಯಾವುದು ಪದಕ್ಕೆ ಸೇರುತ್ತೆ, ಯಾವುದು ಸೇರಲ್ಲ ಅನ್ನೋದನ್ನ ಅದು ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ, ಅಂದರೆ ಬರಹದಲ್ಲಿ ಮಾದರಿ ಹುಡುಕುವ ಸಲಕರಣೆಗೆ, ಬಿಟ್ಟಿದೆ. ಬ್ಯಾಕ್‌ಸ್ಲ್ಯಾಶ್ ಹಾಕಿ ಡಬ್ಲ್ಯೂ ಬರೆದರೆ "ಪದದ ಅಕ್ಷರ" ಅಂತ ಲೆಕ್ಕ.

ಪೈಥಾನ್ ಶೆಲ್ (ಒಂದು ಸಾಲು ಬರೆದ ಕೂಡಲೇ ಉತ್ತರ ಕೊಡುವ ಕಿಟಕಿ) ತೆಗೆದು "ಮೊಸರು" ಕೊಟ್ಟು, ಇದರಲ್ಲಿರುವ ಪದಗಳನ್ನ ಹುಡುಕು ಅಂದೆ. ಎರಡು ಪದ ಸಿಕ್ಕವು: "ಮ" ಮತ್ತು "ಸರ". ಪೈಥಾನ್‌ಗೆ ಒತ್ವ ಕಂಡಾಕ್ಷಣ ಪದ ಮುಗಿಯಿತು. ಯೂನಿಕೋಡ್‌ನಲ್ಲಿ ಪ್ರತಿ ಗುರುತಿಗೂ ಒಂದು ವರ್ಗ ಇದೆ. ಮ, ಸ, ರ ಇವು ಲೆಟರ್ ವರ್ಗ. ಗುಣಿತದ ಚಿಹ್ನೆಗಳು, ಅನುಸ್ವಾರ, ಒತ್ತಕ್ಷರ ಮಾಡಲು ಬೇಕಾದ ಹಲಂತ ಇವೆಲ್ಲ ಮಾರ್ಕ್ ವರ್ಗ. ಇದರಲ್ಲಿ ಯೂನಿಕೋಡ್‌ನ ತಪ್ಪೇನಿಲ್ಲ. ಪದದ ಅಕ್ಷರ ಅಂದರೆ ಮಾರ್ಕ್‌ಗಳನ್ನೂ ಸೇರಿಸಿಕೊಳ್ಳಿ ಅಂತಲೇ ಅದರ ಶಿಫಾರಸು. ಪೈಥಾನ್ ಮಾತ್ರ ಲೆಟರ್, ಅಂಕಿ, ಅಡಿಗೆರೆ ಇಷ್ಟನ್ನೇ ಒಳಗೆ ಬಿಡುತ್ತದೆ. ಈ ಬಗ್ಗೆ ದೂರು ಹೊಸದೂ ಅಲ್ಲ. ದೇವನಾಗರಿ ಪದಗಳು ಚೂರು ಚೂರಾಗುತ್ತಿವೆ ಅಂತ 2007ರಲ್ಲೇ ಒಬ್ಬರು ಪೈಥಾನ್‌ನ ದೋಷಪಟ್ಟಿಯಲ್ಲಿ ಬರೆದಿದ್ದಾರೆ.

ಇನ್ನೊಂದು ವಿಷಯ ನನ್ನನ್ನ ಜಾಸ್ತಿ ಕಾಡಿತು. ಅದೇ ಶೆಲ್‌ನಲ್ಲಿ "ಮೊಸರು" ಅಂತ ಒಂದು ವೇರಿಯಬಲ್ ಮಾಡಿ ಅದಕ್ಕೆ ಬೆಲೆ ಕೊಟ್ಟೆ. ಪೈಥಾನ್ ಸುಮ್ನೆ ಒಪ್ಪಿಕೊಂಡಿತು. ಪೈಥಾನ್ 3 ಬಂದಾಗಿನಿಂದ ಹೆಸರುಗಳನ್ನ ಯಾವ ಲಿಪಿಯಲ್ಲಾದರೂ ಇಡಬಹುದು, ಗುಣಿತ ಒತ್ತು ಸಮೇತ. ಅಂದರೆ ನಮ್ಮ ಕಾಗುಣಿತವನ್ನ ಸರಿಯಾಗಿ ನೋಡಿಕೊಳ್ಳುವುದು ಈ ಭಾಷೆಗೆ ಗೊತ್ತಿದೆ. ಒಂದು ಕೋಣೆಯಲ್ಲಿ ಗೊತ್ತು, ಪಕ್ಕದ ಕೋಣೆಯಲ್ಲಿ ಗೊತ್ತಿಲ್ಲ. ಇದು ದ್ವೇಷ ಅಲ್ಲ, ತಾತ್ಸಾರವೂ ಅಲ್ಲ. ಆ ಸಾಲು ಬರೆದ ದಿನ ಪಕ್ಕದಲ್ಲಿ "ಅಕ್ಷರ ಅಲ್ವಾ?" ಅಂತ ಕೇಳುವ ಟೀಚರ್ ಯಾರೂ ಇರಲಿಲ್ಲ, ಅಷ್ಟೇ.

ಮಾರನೇ ದಿನ ಚಹಾ ಹೊತ್ತಿಗೆ ನಮ್ಮ ಹುಡುಗನಿಗೆ ಎಲ್ಲಾ ತೋರಿಸಿದೆ. ಅವನು ಒಳ್ಳೆಯ ಹುಡುಗ. ಕೆಲಸ ಚುರುಕು, ಮಾತು ಮೃದು, ಟೀಚರ್ ಫೋನ್ ಮಾಡಿದರೆ ಎಷ್ಟು ಹೊತ್ತಾದರೂ ಎತ್ತುತ್ತಾನೆ. ಅವನು ಸ್ಕ್ರೀನ್ ನೋಡಿದ ಕೂಡಲೇ ಅಂದ: "ಸರ್, ಯುಆರ್‌ಎಲ್ ಇಂಗ್ಲಿಷ್‌ನಲ್ಲಿ ಇಟ್ಬಿಡೋಣ. ಯಾರು ಓದ್ತಾರೆ ಅದನ್ನ?"

ಅವನ ಮಾತಿನಲ್ಲಿ ಅರ್ಥ ಇಲ್ಲದೇ ಇಲ್ಲ. ಕನ್ನಡದ ವಿಳಾಸವನ್ನ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಎಷ್ಟೋ ಸಲ ಅದು ಶೇಕಡಾ ಗುರುತುಗಳ ಉದ್ದದ ಸಾಲಾಗಿ ಬಿಡುತ್ತದೆ. ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್, ಒಂದೊಂದು ಬೈಟಿಗೂ ಮೂರು ಅಕ್ಷರ. "ಬೆಂಗಳೂರು" ಅನ್ನೋದರಲ್ಲಿ 8 ಗುರುತು ಇವೆ, ಹಾಗೆ ಬರೆದರೆ 72 ಅಕ್ಷರ ಆಗುತ್ತದೆ. ನೋಡಕ್ಕೆ ಚೆನ್ನಾಗಿರಲ್ಲ, ಒಪ್ಪುತ್ತೇನೆ. ಆದರೆ ಬ್ರೌಸರ್‌ನ ಮೇಲಿನ ಪಟ್ಟಿಯಲ್ಲಿ ಅದು ಕನ್ನಡವಾಗಿಯೇ ಕಾಣುತ್ತದೆ. ಕನ್ನಡ ವಿಕಿಪೀಡಿಯದಲ್ಲಿ ಮೈಸೂರಿನ ಪುಟದ ವಿಳಾಸದಲ್ಲಿ "ಮೈಸೂರು" ಅಂತಲೇ ಇದೆ, ಮಸರ ಅಂತ ಇಲ್ಲ. ಆಗಲ್ಲ ಅನ್ನೋ ಮಾತೇ ಇಲ್ಲ.

ನನಗೆ ಕೆಡುಕೆನಿಸಿದ್ದು ಅವನ ಸಲಹೆಯಲ್ಲ, ಅದು ಬಂದ ವೇಗ. ತೊಂದರೆ ಕಂಡ ಕ್ಷಣ ಕನ್ನಡವನ್ನ ತೆಗೆಯೋಣ ಅನ್ನೋದು ಮೊದಲ ಉಪಾಯ. ಇವನೊಬ್ಬನದೇ ಅಲ್ಲ, ನಮ್ಮ ಕೆಲಸದಲ್ಲಿರುವ ಬಹಳ ಜನರದ್ದು ಹೀಗೇ. ಫಾರ್ಮಿನಲ್ಲಿ ಹೆಸರು ತಗೊಳ್ಳಲಿಲ್ಲವಾ, ಇಂಗ್ಲಿಷ್‌ನಲ್ಲಿ ಹಾಕಿ. ಹುಡುಕಾಟದಲ್ಲಿ ಸಿಗಲಿಲ್ಲವಾ, ಇಂಗ್ಲಿಷ್‌ನಲ್ಲಿ ಹುಡುಕಿ. ನಾವೇ ಹೀಗೆ ಪಕ್ಕಕ್ಕೆ ಸರಿದರೆ ಲಾರೆನ್ಸ್‌ನಲ್ಲಿ ಕುಳಿತು ಬರೆದವರಿಗೆ ಗೊತ್ತಾಗುವುದು ಹೇಗೆ? ಅಡುಗೆ ಬರೆಯುವವರು, ಓದುವವರು, ಹುಡುಕುವವರು ಎಲ್ಲರೂ ಕನ್ನಡದವರೇ ಇರುವ ಒಂದು ಸೈಟಿನಲ್ಲಿ, ಪ್ರತಿ ಟ್ಯಾಗ್‌ಗೂ ಟೀಚರ್ ಇಂಗ್ಲಿಷ್ ಸ್ಪೆಲ್ಲಿಂಗ್ ಯೋಚಿಸಬೇಕಾ?

"ಯಾರು ಓದ್ತಾರೆ ಅಂದೆಯಲ್ಲ, ಟೀಚರ್ ಓದಿದ್ರಲ್ಲ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತ.

ದಾರಿ ಉದ್ದ ಇರಲಿಲ್ಲ. ನಮ್ಮದೇ ಒಂದು ಸಣ್ಣ ಫಂಕ್ಷನ್ ಬರೆದೆವು. ಪ್ರತಿ ಗುರುತಿನ ಯೂನಿಕೋಡ್ ವರ್ಗ ಕೇಳು, ಅದು ಲೆಟರ್, ಮಾರ್ಕ್ ಅಥವಾ ಅಂಕಿ ಆಗಿದ್ದರೆ ಇಟ್ಟುಕೋ, ಖಾಲಿ ಜಾಗ ಇದ್ದರೆ ಅಡ್ಡಗೆರೆ ಮಾಡು, ಉಳಿದಿದ್ದು ಬಿಡು. ಜ್ಯಾಂಗೋದ ಸ್ಲಗ್ ಫೀಲ್ಡ್ ತನ್ನ ತಪಾಸಣೆಯನ್ನ ತಾನೇ ಹೊತ್ತು ತರುತ್ತದೆ. ಹಾಗಾಗಿ ಅದರ ಬದಲು ಮಾಮೂಲಿ ಅಕ್ಷರಗಳ ಫೀಲ್ಡ್ ಇಟ್ಟು ಅದಕ್ಕೆ ನಮ್ಮ ತಪಾಸಣೆ ಜೋಡಿಸಿದೆವು. ಅಡ್ಮಿನ್ ಪುಟದಲ್ಲಿ ಟೈಪ್ ಮಾಡುತ್ತಿದ್ದ ಹಾಗೇ ಸ್ಲಗ್ ತುಂಬುವ ಜಾವಾಸ್ಕ್ರಿಪ್ಟ್ ಕೂಡ ಲೆಟರ್ ಮತ್ತು ಅಂಕಿಗಳನ್ನೇ ಉಳಿಸುತ್ತದೆ. ಅದನ್ನ ತೆಗೆದು ಸೇವ್ ಮಾಡುವಾಗಲೇ ಸ್ಲಗ್ ಹುಟ್ಟುವ ಹಾಗೆ ಮಾಡಿದೆವು. ಯುಆರ್‌ಎಲ್ ದಾರಿಯಲ್ಲಿ ಸ್ಲಗ್ ಅಂತ ಬರೆದರೆ ಅದು ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ ಬಾಗಿಲು ತೆಗೆಯುತ್ತದೆ. ಅಲ್ಲೂ ಬದಲಾಯಿಸಬೇಕಾಯಿತು.

ಟೆಸ್ಟ್ ಬರೆಯಕ್ಕೆ ಪದ ಬೇಕು ಅಂತ ಹುಡುಗನೇ ಟೀಚರ್‌ಗೆ ಫೋನ್ ಮಾಡಿದ. ಒಳಗೆ ಹೋದ ಪದ ಹಾಗೇ ಹೊರಗೆ ಬರಬೇಕು, ಅಷ್ಟೇ ಪರೀಕ್ಷೆ. ಟೀಚರ್ ಖುಷಿಯಿಂದ ಪಟ್ಟಿ ಕಳಿಸಿದರು. ಕರ್ಜಿಕಾಯಿ, ಹುಗ್ಗಿ, ಸ್ವಾತಂತ್ರ್ಯ, ಕೃಷ್ಣಜನ್ಮಾಷ್ಟಮಿ, ಗುಲಾಬ್‌ಜಾಮೂನು. ಎಲ್ಲಾ ಪಾಸಾದವು, ಕೊನೆಯದೊಂದು ಬಿಟ್ಟು. ಅದು "ಗುಲಾಬ್ಜಾಮೂನು" ಆಗಿ ಹೊರಬಂತು. ಬ್‌ ಆದಮೇಲೆ ಜಾ ಬಿಡಿಯಾಗಿ ನಿಲ್ಲಲಿ ಅಂತ ನಾವು ಹಾಕುವ ಕಣ್ಣಿಗೆ ಕಾಣದ ಗುರುತು ಒಂದಿದೆ, ಜೀರೋ ವಿಡ್ತ್ ನಾನ್ ಜಾಯ್ನರ್. ಅದು ಲೆಟರೂ ಅಲ್ಲ, ಮಾರ್ಕೂ ಅಲ್ಲ. ನಮ್ಮ ಫಂಕ್ಷನ್ ಅದನ್ನ ಎತ್ತಿ ಬಿಸಾಡಿತ್ತು, ಜಾ ಹೋಗಿ ಬ ಕೆಳಗೆ ಒತ್ತಾಗಿ ಕುಳಿತಿತ್ತು. ಕನ್ನಡದಲ್ಲಿ ಇಂಗ್ಲಿಷ್, ಹಿಂದಿ, ಉರ್ದು ಮಾತುಗಳನ್ನ ಬರೆಯುವಾಗ ಎಷ್ಟೋ ಸಲ ಈ ಗುರುತು ಬೇಕು. ಅದಕ್ಕೊಂದು ವಿನಾಯಿತಿ ಸೇರಿಸಿದ ಮೇಲೆ ಇಡೀ ಪಟ್ಟಿ ಹಸಿರಾಯಿತು. ಆ ಪದವನ್ನ ಟೀಚರ್ ಬೇಕೆಂದೇ ಹಾಕಿದ್ದರಂತೆ. "ಮಕ್ಕಳು ಅಲ್ಲೇ ತಪ್ಪು ಮಾಡ್ತಿದ್ರು" ಅಂದರು. ಟೆಸ್ಟ್ ಬರೆಯುವವರಿಗೆ ಬೇಕಾದ ಬುದ್ಧಿ ಇದು. ನಮ್ಮ ತಂಡಗಳಲ್ಲಿ ಇಂಥವರು ಇಲ್ಲದಿರುವುದು ದೊಡ್ಡ ನಷ್ಟ ಅಂತ ನನಗೆ ಮನಸಾರೆ ಅನ್ನಿಸುತ್ತದೆ.

ಫ್ರೇಮ್‌ವರ್ಕ್ ಕಲಿಯುವುದು ಅಂದರೆ ಅದರ ಸವಲತ್ತುಗಳನ್ನ ಒಂದೊಂದಾಗಿ ಬಳಸುವುದು ಅಂತ ಕೋರ್ಸುಗಳು ಹೇಳಿಕೊಡುತ್ತವೆ. ಮಾಡೆಲ್ ಬರಿ, ಅಡ್ಮಿನ್ ಹಾಕು, ಸ್ಲಗ್ ತಾನಾಗಿ ಬರುತ್ತೆ. ಇಂಗ್ಲಿಷ್‌ನಲ್ಲಿ ಸೈಟ್ ಮಾಡುವವರಿಗೆ ಅಷ್ಟು ಸಾಕು. ಕನ್ನಡದಲ್ಲಿ ಮಾಡುವವರು ಒಂದು ಮಹಡಿ ಕೆಳಗೆ ಇಳಿಯಲೇಬೇಕು. ಇಳಿದವರು ಕಂಡಿದ್ದನ್ನ ಬರೆದಿಡಲೂ ಬೇಕು. ಹುಡುಗ ಈಗ ಅದೇ ಮಾಡುತ್ತಿದ್ದಾನೆ. ಮಸರದ ಉದಾಹರಣೆ ಇಟ್ಟುಕೊಂಡು, ಬೇರೆ ಭಾಷೆಯವರಿಗೂ ಅರ್ಥ ಆಗುವ ಹಾಗೆ, ಫಂಕ್ಷನ್ ಮತ್ತು ಟೆಸ್ಟ್‌ಗಳನ್ನ ಸಣ್ಣ ಪ್ಯಾಕೇಜ್ ಮಾಡುತ್ತಿದ್ದಾನೆ. ತಮಿಳು, ತೆಲುಗು, ಹಿಂದಿ, ಬಂಗಾಳಿ ಎಲ್ಲಕ್ಕೂ ಇದೇ ಗತಿ ಇದೆ. ಅವರಿಗೂ ಬೇಕಾಗುತ್ತದೆ.

ಇನ್ನೊಂದು ಕೆಲಸ ಬಾಕಿ ಇದೆ. ಟೀಚರ್‌ಗೆ ತಮ್ಮ ಲಾಗಿನ್ ಹೆಸರು ಕನ್ನಡದಲ್ಲಿ ಇರಬೇಕು. ಜ್ಯಾಂಗೋದ ಯೂಸರ್‌ನೇಮ್ ತಪಾಸಣೆ ಕೂಡ ಅದೇ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಮೇಲೆ ನಿಂತಿದೆ, ಗುಣಿತ ಇರುವ ಹೆಸರನ್ನ ಒಳಗೆ ಬಿಡಲ್ಲ. ಯೂಸರ್ ಮಾಡೆಲ್ (ಬಳಸುವವರ ಹೆಸರು, ವಿವರ ಇಡುವ ಭಾಗ) ಅನ್ನು ನಡುದಾರಿಯಲ್ಲಿ ಬದಲಿಸುವುದು ತಲೆನೋವಿನ ಕೆಲಸ, ಶುರುವಿನಲ್ಲೇ ನಿಮ್ಮದು ಬರೆದುಕೊಳ್ಳಿ ಅಂತ ಡಾಕ್ಯುಮೆಂಟೇಶನ್ ಕೂಡ ಹೇಳುತ್ತದೆ. ಸೈಟಿನಲ್ಲಿ ಡೇಟಾ ಇನ್ನೂ ಕಡಿಮೆ ಇದೆ. ಈ ಶನಿವಾರ ಡೇಟಾಬೇಸ್ ಖಾಲಿ ಮಾಡಿ, ಹೊಸ ಯೂಸರ್ ಮಾಡೆಲ್ ಇಟ್ಟು, ಅಡುಗೆಗಳನ್ನ ಮತ್ತೆ ತುಂಬಿಸುತ್ತೇವೆ. ಮೊದಲು ಮೈಸೂರು, ಅದರ ಹಿಂದೆಯೇ ಮೊಸರು.